ಹೊಸೂರು ಸೀಮೆಯ ಲೆಕ್ಕದ ಪಾಠ

ಹೊಸೂರು ಮತ್ತು ಕೃಷ್ಣಗಿರಿಯ ಸೀಮೆಯಲ್ಲಿ ಲೆಕ್ಕ ಬರೆಯುವುದನ್ನು ಕಲಿಯುವ ಕ್ರಮ ಕಳೆದ ಇನ್ನೂರಕ್ಕೂ ಹೆಚ್ಚು ವರ್ಷಗಳಲ್ಲಿ ಹಲವು ಸಲ ಬದಲಾಗಿದೆ. ಮೊದಲು ಅದು ಶಾನುಭೋಗರ ಮನೆಯೊಳಗಿನ ವಿದ್ಯೆ. ಆಮೇಲೆ ಮಂಡಿ ವ್ಯಾಪಾರಿಯ ಗದ್ದಿಗೆ, ಟೈಪ್‌ರೈಟಿಂಗ್ ಶಾಲೆ, ಕಾರ್ಖಾನೆಯ ಅಕೌಂಟ್ಸ್ ವಿಭಾಗ, ಟ್ಯಾಲಿ ಕ್ಲಾಸು ಹೀಗೆ ಅದರ ಜಾಗ ಬದಲಾಗುತ್ತ ಬಂತು. ಈಗ ಕ್ಲೌಡ್‌ನಲ್ಲಿ ಲೆಕ್ಕ ಇಡುವ ತಂತ್ರಾಂಶ, ದತ್ತಾಂಶವನ್ನು ಜಾಲಾಡುವ ಸಾಧನ, ಒಂದು ಆ್ಯಪನ್ನು ಇನ್ನೊಂದಕ್ಕೆ ಜೋಡಿಸುವ ಬಗೆ ಇವೆಲ್ಲ ಪಾಠಪಟ್ಟಿಗೆ ಸೇರಿವೆ. ಪ್ರತಿ ಸಲವೂ ಪಾಠ ಬದಲಾದದ್ದಕ್ಕೆ ಹೊಸ ಯಂತ್ರವನ್ನೇ ಕಾರಣವೆಂದು ಹೇಳುವುದು ರೂಢಿ. ಆದರೆ ಈ ಸೀಮೆಯ ಚರಿತ್ರೆಯನ್ನು ನೋಡಿದರೆ ಯಂತ್ರಕ್ಕಿಂತ ಮುಂಚೆ ಬದಲಾದವರು ಲೆಕ್ಕ ಕೇಳುವವರು. ಕಂದಾಯದ ಸರ್ಕಾರ, ಮಾರಾಟ ತೆರಿಗೆಯ ಕಚೇರಿ, ದೊಡ್ಡ ಕಾರ್ಖಾನೆ, ಜಿಎಸ್‌ಟಿ ವ್ಯವಸ್ಥೆ ಒಂದರ ಹಿಂದೆ ಒಂದು ಬಂದು ತಮಗೆ ಬೇಕಾದ ರೂಪದಲ್ಲಿ ಲೆಕ್ಕ ಕೇಳಿದವು; ಕಲಿಸುವವರು ಅವುಗಳ ಹಿಂದೆ ಬಂದರು. ಇದಕ್ಕೆ ರಾಜ್ಯದ ಗಡಿಯೂ ಸೇರಿಕೊಂಡು ಇಲ್ಲಿನ ಲೆಕ್ಕದವರ ಕೆಲಸವನ್ನು ಬೇರೆ ಊರುಗಳವರಿಗಿಂತ ಒಂದು ಸುತ್ತು ಹೆಚ್ಚು ಮಾಡಿತು.

ಮೈಸೂರು ಅರಸರ ಕಾಲದಲ್ಲಿ ಇಲ್ಲಿನ ಹಳ್ಳಿಗಳ ಲೆಕ್ಕ ಶಾನುಭೋಗರ ಕೈಯಲ್ಲಿತ್ತು. ಲೆಕ್ಕ ಕೂರುತ್ತಿದ್ದದ್ದು ಕಡತದ ಮೇಲೆ: ಹತ್ತಿಯ ಬಟ್ಟೆಗೆ ಅಂಟು ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿಟ್ಟ ಕಪ್ಪು ಪಟ್ಟಿ. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಹೊರಬಂದ ತನ್ನ ಇತಿಹಾಸ ಗ್ರಂಥದಲ್ಲಿ ಕಡತವನ್ನು ವಿವರವಾಗಿ ಬಣ್ಣಿಸಿದ್ದಾನೆ. ಬರೆದದ್ದನ್ನು ಒರೆಸಿ ಮತ್ತೆ ಬರೆಯಬಹುದಾಗಿದ್ದದ್ದು ಅದರ ಅನುಕೂಲ. ಲೆಕ್ಕ ಕೇಳುವವರ ಕಣ್ಣಿಗೆ ಅದೇ ಅದರ ದೋಷವೂ ಹೌದು. ಕಲಿಕೆ ಮನೆಯೊಳಗೇ ನಡೆಯುತ್ತಿತ್ತು. ಮಗ ಅಪ್ಪನ ಪಕ್ಕದಲ್ಲಿ ಕೂತು ಮಗ್ಗಿ, ಭಿನ್ನರಾಶಿಯ ಕೋಷ್ಟಕ, ಜಮೀನಿನ ಅಳತೆ, ಜಮಾ–ಖರ್ಚಿನ ಕ್ರಮವನ್ನು ಕಲಿಯುತ್ತಿದ್ದ. ಮನೆಯ ಹೊರಗೆ ಕಲಿತು ಮೇಲೆ ಬಂದವರೂ ಇದ್ದರು. ಹೈದರ್ ಮತ್ತು ಟಿಪ್ಪುವಿನ ಹಣಕಾಸನ್ನು ನೋಡಿಕೊಂಡು ಮುಂದೆ ಮೈಸೂರಿನ ದಿವಾನನಾದ ಪೂರ್ಣಯ್ಯ ಕಸುಬು ಶುರು ಮಾಡಿದ್ದು ವ್ಯಾಪಾರಿಯೊಬ್ಬನ ಅಂಗಡಿಯ ಲೆಕ್ಕ ಬರೆಯುವವನಾಗಿ.

1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಕೃಷ್ಣಗಿರಿ ಸೇರಿದ್ದ ಬಾರಾಮಹಲ್ ಸೀಮೆ ಈಸ್ಟ್ ಇಂಡಿಯಾ ಕಂಪನಿಯ ಪಾಲಾಯಿತು. ಘಟ್ಟದ ಮೇಲಿನ ಹೊಸೂರು 1799ರಲ್ಲಿ ಟಿಪ್ಪುವಿನ ಪತನದ ನಂತರ ಕಂಪನಿಯ ಕೈ ಸೇರಿತು. ಬಾರಾಮಹಲಿನ ಆಡಳಿತ ವಹಿಸಿಕೊಂಡ ಅಲೆಕ್ಸಾಂಡರ್ ರೀಡ್ ಮತ್ತು ಅವನ ಸಹಾಯಕನಾಗಿದ್ದ ಥಾಮಸ್ ಮನ್ರೋ ಇಲ್ಲಿಯೇ ರೈತವಾರಿ ಪದ್ಧತಿಯ ಪ್ರಯೋಗ ನಡೆಸಿದರು. ಮುಂದೆ ಮದ್ರಾಸ್ ಪ್ರಾಂತ್ಯದ ಬಹುಭಾಗಕ್ಕೆ ಹರಡಿದ ಪದ್ಧತಿ ಅದು. ಹಳ್ಳಿಗೆ ಒಟ್ಟಾಗಿ ಇಷ್ಟು ಎಂದು ಕಂದಾಯ ಕಟ್ಟುವ ಬದಲು ಹೊಲ ಹೊಲಕ್ಕೆ, ರೈತ ರೈತನಿಗೆ ಲೆಕ್ಕ ಇಡಬೇಕಾಯಿತು. ಹಳ್ಳಿಯ ಲೆಕ್ಕಿಗನ ಬರವಣಿಗೆ ಒಮ್ಮೆಲೇ ಹಲವು ಪಟ್ಟು ಬೆಳೆಯಿತು. ಚಿಟ್ಟಾ, ಅಡಂಗಲ್, ಪಟ್ಟಾ ಎಂಬ ದಾಖಲೆಗಳು ಇಂದಿಗೂ ಈ ಭಾಗದ ರೈತರ ಬಾಯಲ್ಲಿವೆ. ಜುಲೈ 1ರಿಂದ ಶುರುವಾಗುವ ಫಸಲಿ ವರ್ಷದ ಲೆಕ್ಕವನ್ನು ತಾಲ್ಲೂಕು ಕಚೇರಿಯಲ್ಲಿ ಪರಿಶೀಲಿಸುವ ಜಮಾಬಂದಿಯೂ ನಿಂತಿಲ್ಲ.

ಮದ್ರಾಸ್ ಸರ್ಕಾರದ ದಾಖಲೆಯಲ್ಲಿ ಶಾನುಭೋಗ ಕರಣಂ ಆದ. ಹುದ್ದೆ ಮನೆತನದ ಆಸ್ತಿಯಾಗಿಯೇ ಉಳಿಯಿತು. 1895ರ ಕಾಯ್ದೆ ಅದಕ್ಕೆ ಕಾನೂನಿನ ಮುದ್ರೆ ಒತ್ತಿತು. ವಂಶದ ಕಾರಣಕ್ಕೆ ಗ್ರಾಮಾಧಿಕಾರಿಯ ಹುದ್ದೆ ಕೊಡುವುದು ಸಂವಿಧಾನಕ್ಕೆ ವಿರುದ್ಧವೆಂದು ಸುಪ್ರೀಂ ಕೋರ್ಟ್ ಹೇಳಿದ್ದು 1960ರ ಡಿಸೆಂಬರಿನಲ್ಲಿ. ಮರುವರ್ಷ ಪಕ್ಕದ ಮೈಸೂರು ರಾಜ್ಯ ಗ್ರಾಮ ಹುದ್ದೆಗಳನ್ನು ರದ್ದು ಮಾಡುವ ಕಾಯ್ದೆ ತಂದಿತು. ತಮಿಳುನಾಡಿನಲ್ಲಿ ಇದಕ್ಕೆ ಇನ್ನೂ ಎರಡು ದಶಕ ಹಿಡಿಯಿತು. 1980ರ ನವೆಂಬರಿನಲ್ಲಿ ಎಂ.ಜಿ. ರಾಮಚಂದ್ರನ್ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿ ಕರಣಂ ಹುದ್ದೆಗಳನ್ನು ತೆಗೆದುಹಾಕಿ, ಪರೀಕ್ಷೆ ಬರೆದು ಬರುವ ಗ್ರಾಮ ಆಡಳಿತ ಅಧಿಕಾರಿಗಳನ್ನು ನೇಮಿಸುವ ದಾರಿ ಮಾಡಿತು. ಹಳ್ಳಿಯ ಲೆಕ್ಕ ಆಗ ಮನೆತನದ ಗುಟ್ಟಾಗಿ ಉಳಿಯದೆ, ಯಾರು ಬೇಕಾದರೂ ಓದಿ ಪಾಸಾಗಬಹುದಾದ ವಿಷಯವಾಯಿತು. ಹೊಸೂರಿನ ಕಾರ್ಖಾನೆಗಳು ಏಳತೊಡಗಿದ ಕಾಲವೂ ಅದೇ ಎಂಬುದು ಗಮನಿಸಬೇಕಾದ ಸಂಗತಿ.

ವ್ಯಾಪಾರಿಗಳ ಲೆಕ್ಕದ ದಾರಿ ಬೇರೆ. ಕೆಲಮಂಗಲ, ಬಾಗಲೂರು, ಬೇರಿಕೆ, ಡೆಂಕಣಿಕೋಟೆ, ರಾಯಕೋಟೆಗಳ ಸಂತೆ ಮತ್ತು ಮಂಡಿಗಳಲ್ಲಿ ದಿನದ ವಹಿವಾಟು ಕಿರ್ದಿಗೆ, ಅಲ್ಲಿಂದ ಆಸಾಮಿವಾರು ಖಾತೆಗೆ ಇಳಿಯುತ್ತಿತ್ತು. ಕಲಿಯುವ ಹುಡುಗನಿಗೆ ಮೊದಲ ವರ್ಷ ಕೂಡಿಸುವುದೊಂದೇ ಕೆಲಸ. ಕಿರ್ದಿ ಕೈಗೆ ಸಿಗುತ್ತಿದ್ದದ್ದು ಯಜಮಾನನ ನಂಬಿಕೆ ಗಳಿಸಿದ ಮೇಲೆ. ಈ ಪುಸ್ತಕಗಳನ್ನು ನೋಡುವ ಹಕ್ಕು ಯಜಮಾನನದು, ಹೆಚ್ಚೆಂದರೆ ಪಾಲುದಾರನದು. ಹೊರಗಿನವರು ಕೇಳುವಂತಿರಲಿಲ್ಲ.

ಹೊರಗಿನವರು ಕೇಳುವ ಕಾಲ ತಂದವರು ಇದೇ ಮಣ್ಣಿನ ಒಬ್ಬರು. ಸಿ. ರಾಜಗೋಪಾಲಾಚಾರಿ ಹುಟ್ಟಿದ್ದು 1878ರಲ್ಲಿ ಹೊಸೂರಿನ ಹತ್ತಿರದ ತೊರಪಳ್ಳಿಯಲ್ಲಿ. ಅವರ ತಂದೆ ಆ ಊರಿನ ಮುನಸೀಫರಾಗಿದ್ದರು. 1937ರಲ್ಲಿ ಮದ್ರಾಸ್ ಪ್ರಾಂತ್ಯದ ಪ್ರಧಾನಿಯಾದ ರಾಜಾಜಿ ಅದೇ ವರ್ಷದ ಅಕ್ಟೋಬರ್ 1ರಿಂದ ಪಾನನಿಷೇಧವನ್ನು ಮೊಟ್ಟಮೊದಲು ಸೇಲಂ ಜಿಲ್ಲೆಯಲ್ಲಿ ಜಾರಿಗೆ ತಂದರು. ಹೊಸೂರು, ಕೃಷ್ಣಗಿರಿ ಎರಡೂ ಆಗ ಸೇಲಂ ಜಿಲ್ಲೆಯಲ್ಲಿದ್ದವು. ಹೆಂಡದ ಗುತ್ತಿಗೆಯಿಂದ ಬರುತ್ತಿದ್ದ ಅಬಕಾರಿ ವರಮಾನ ನಿಂತ ಕಡೆ ಬೇರೆ ಆದಾಯ ಬೇಕಾಯಿತು. ಅದಕ್ಕೆ ಬಂದದ್ದು 1939ರ ಮದ್ರಾಸ್ ಸಾಮಾನ್ಯ ಮಾರಾಟ ತೆರಿಗೆ ಕಾಯ್ದೆ, ಭಾರತದಲ್ಲಿ ಆ ಬಗೆಯ ಮೊದಲನೆಯದು. ವರ್ಷಕ್ಕೆ 10,000 ರೂಪಾಯಿಗಿಂತ ಕಡಿಮೆ ವಹಿವಾಟಿದ್ದ ಸಣ್ಣ ವ್ಯಾಪಾರಿಗೆ ವಿನಾಯಿತಿ ಇತ್ತು. ಅದಕ್ಕಿಂತ ಮೇಲಿನವರು ವಹಿವಾಟಿನ ಲೆಕ್ಕ ತೋರಿಸಲೇಬೇಕಿತ್ತು. ತನ್ನ ಲೆಕ್ಕ ತನಗೆ ಎಂದಿದ್ದ ಮಂಡಿ ವ್ಯಾಪಾರಿ ಮೊದಲ ಬಾರಿಗೆ ಸರ್ಕಾರಿ ನಮೂನೆಗೆ ಹೊಂದುವಂತೆ ಪುಸ್ತಕ ಇಡಬೇಕಾದದ್ದು ಆಗ. ತೆರಿಗೆ ಕಚೇರಿಗೆ ಹೋಗಿ ಮಾತಾಡಬಲ್ಲ ಗುಮಾಸ್ತನಿಗೆ ಬೆಲೆ ಬಂತು. ಇಂದಿನ ಜಿಎಸ್‌ಟಿ ಪಾಠದ ಬೇರು ಹುಡುಕಿದರೆ ಸಿಗುವುದು ಇಲ್ಲಿ. ಸೇಲಂ ಜಿಲ್ಲೆಯ ಹೆಂಡದಂಗಡಿಗಳು ಮುಚ್ಚಿದ್ದರಿಂದ ದೇಶದ ವ್ಯಾಪಾರಿಗಳೆಲ್ಲ ಲೆಕ್ಕ ಕಲಿಯಬೇಕಾಯಿತು ಎಂದರೆ ಅತಿಶಯೋಕ್ತಿ ಆದೀತು. ಪೂರ್ತಿ ಸುಳ್ಳಂತೂ ಅಲ್ಲ.

1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಬೆರೆತ ಹೊಸೂರು ತಾಲ್ಲೂಕು ಮದ್ರಾಸ್ ರಾಜ್ಯದಲ್ಲೇ ಉಳಿಯಿತು. ಬೆಂಗಳೂರು ಸುಮಾರು 40 ಕಿಲೋಮೀಟರ್ ದೂರ, ಮದ್ರಾಸು ಮುನ್ನೂರಕ್ಕೂ ಹೆಚ್ಚು. ಸರಕು ಹೋಗುವುದು ಒಂದು ಕಡೆಗೆ, ತೆರಿಗೆಯ ಕಡತ ಹೋಗುವುದು ಇನ್ನೊಂದು ಕಡೆಗೆ. ಅದೇ ವರ್ಷದ ಕೇಂದ್ರ ಮಾರಾಟ ತೆರಿಗೆ ಕಾಯ್ದೆ ರಾಜ್ಯದಿಂದ ರಾಜ್ಯಕ್ಕೆ ಹೋಗುವ ಸರಕಿಗೆ ಬೇರೆಯದೇ ನಿಯಮ ಹಾಕಿತು. ಕಡಿಮೆ ದರ ಬೇಕಿದ್ದರೆ ಕೊಂಡವನು ‘ಸಿ’ ಫಾರಂ ಕೊಡಬೇಕಿತ್ತು. ಅದು ಬರದಿದ್ದರೆ ಮಾರಿದವನ ತಲೆಗೆ ಪೂರ್ತಿ ತೆರಿಗೆ ಬೀಳುತ್ತಿತ್ತು. ಬೆಂಗಳೂರಿನ ಗಿರಾಕಿಯಿಂದ ‘ಸಿ’ ಫಾರಂ ವಸೂಲು ಮಾಡುವುದು ಹೊಸೂರಿನ ಲೆಕ್ಕದವರಿಗೆ ದಶಕಗಳ ಕಾಲ ಒಂದು ಸ್ವತಂತ್ರ ಕೆಲಸವೇ ಆಗಿತ್ತು. ಅತ್ತಿಬೆಲೆ, ಜೂಜುವಾಡಿ ಚೆಕ್‌ಪೋಸ್ಟುಗಳಲ್ಲಿ ಲಾರಿ ನಿಂತರೆ ಇನ್‌ವಾಯ್ಸ್‌ನಲ್ಲಿ ಏನು ಬಿಟ್ಟುಹೋಗಿದೆ ಎಂದು ನೋಡಲು ಕಚೇರಿಗೆ ಫೋನು ಬರುತ್ತಿತ್ತು. ಇದನ್ನು ಯಾವ ಶಾಲೆಯೂ ಕಲಿಸಲಿಲ್ಲ. ಹಳಬರ ಜೊತೆ ಕೆಲಸ ಮಾಡಿಯೇ ಕಲಿಯಬೇಕಿತ್ತು.

ಶಾಲೆ ಎಂಬುದು ಇದ್ದದ್ದು ಟೈಪ್‌ರೈಟಿಂಗ್ ರೂಪದಲ್ಲಿ. ವಾಣಿಜ್ಯ ಶಿಕ್ಷಣಕ್ಕೆ ಮದ್ರಾಸಿನಲ್ಲಿ ಹಳೆಯ ಬುನಾದಿ ಇತ್ತು: ಪಚ್ಚೈಯಪ್ಪ ಧರ್ಮಸಂಸ್ಥೆ 1886ರಲ್ಲೇ ಅಲ್ಲಿ ವಾಣಿಜ್ಯ ಶಾಲೆ ತೆರೆದಿತ್ತು. ತಮಿಳುನಾಡಿನ ತಾಂತ್ರಿಕ ಶಿಕ್ಷಣ ನಿರ್ದೇಶನಾಲಯ ಟೈಪ್‌ರೈಟಿಂಗ್, ಶೀಘ್ರಲಿಪಿ, ಅಕೌಂಟೆನ್ಸಿ ಮೂರಕ್ಕೂ ಸರ್ಕಾರಿ ಪರೀಕ್ಷೆ ನಡೆಸುತ್ತದೆ. ಸಣ್ಣ ಪಟ್ಟಣಗಳ ಇನ್‌ಸ್ಟಿಟ್ಯೂಟುಗಳು ಈ ಪರೀಕ್ಷೆಗಳನ್ನೇ ನಂಬಿ ಬೆಳೆದವು. ಬೆಳಿಗ್ಗೆ ಆರಕ್ಕೆ ಶುರುವಾಗಿ ಗಂಟೆಗೊಂದು ಬ್ಯಾಚು. ಜೂನಿಯರ್ ಮುಗಿಸಿ ಸೀನಿಯರ್. ಜರ್ನಲ್, ಲೆಡ್ಜರ್, ಟ್ರಯಲ್ ಬ್ಯಾಲೆನ್ಸ್ ಎಂಬ ಪದಗಳು, 1494ರಲ್ಲಿ ವೆನಿಸ್ಸಿನಲ್ಲಿ ಲೂಕಾ ಪಾಚಿಯೋಲಿ ಅಚ್ಚು ಹಾಕಿಸಿದ ಜೋಡಿ ನಮೂದಿನ ಪದ್ಧತಿ, ಮಂಡಿಯ ಕಿರ್ದಿ–ಖಾತೆ ಗೊತ್ತಿದ್ದ ಮನೆಯ ಮಕ್ಕಳಿಗೆ ತಲುಪಿದ್ದು ಹೆಚ್ಚಾಗಿ ಇಂಥ ಬೆಂಚುಗಳ ಮೇಲೆ. ಈ ಶಾಲೆಗಳು ಬಿಟ್ಟುಹೋದ ಒಂದು ರೂಢಿ ಇನ್ನೂ ಉಳಿದಿದೆ. ಕಂಪ್ಯೂಟರ್ ಕ್ಲಾಸುಗಳೂ ಗಂಟೆಯ ಲೆಕ್ಕದಲ್ಲಿ ಬ್ಯಾಚು ಮಾಡುತ್ತವೆ, ಕೊನೆಗೊಂದು ಸರ್ಟಿಫಿಕೇಟು ಕೊಡುತ್ತವೆ.

1970ರ ದಶಕದಲ್ಲಿ ತಮಿಳುನಾಡು ಸರ್ಕಾರದ ಸಿಪ್‌ಕಾಟ್ ಸಂಸ್ಥೆ ಹೊಸೂರಿನಲ್ಲಿ ಕೈಗಾರಿಕಾ ಪ್ರದೇಶ ಮಾಡಿತು. ಆಗಿನ ಧರ್ಮಪುರಿ ಜಿಲ್ಲೆ ಹಿಂದುಳಿದ ಜಿಲ್ಲೆಯೆಂಬ ಕಾರಣಕ್ಕೆ ರಿಯಾಯಿತಿ ಸಿಗುತ್ತಿತ್ತು, ಬೆಂಗಳೂರಿನ ನುರಿತ ಕೈಗಳು ಪಕ್ಕದಲ್ಲೇ ಇದ್ದವು. 1980ರಲ್ಲಿ ಅಶೋಕ್ ಲೇಲ್ಯಾಂಡ್ ಘಟಕ ಬಂತು, ಅದೇ ವರ್ಷ ಟಿವಿಎಸ್ 50 ಮೊಪೆಡ್ ಇಲ್ಲಿಂದ ಹೊರಟಿತು. ಟಾಟಾ ಸಮೂಹ ಮತ್ತು ತಮಿಳುನಾಡಿನ ಟಿಡ್ಕೋ ಸೇರಿ 1984ರಲ್ಲಿ ಕಟ್ಟಿದ ಟೈಟನ್ ಕಂಪನಿಯ ಗಡಿಯಾರ ಕಾರ್ಖಾನೆ ಆ ದಶಕದಲ್ಲೇ ಶುರುವಾಯಿತು. ಅವುಗಳ ಸುತ್ತ ಬಿಡಿಭಾಗ ಮಾಡಿಕೊಡುವ ನೂರಾರು ಸಣ್ಣ ಘಟಕಗಳು ಹುಟ್ಟಿದವು; ಹೊಸೂರು ಸಣ್ಣ ಮತ್ತು ಅತಿಸಣ್ಣ ಕೈಗಾರಿಕೆಗಳ ಸಂಘ, ಊರವರು ಹೋಸ್ಟಿಯಾ ಎನ್ನುವುದು, ಇವರದೇ.

ಈ ಘಟಕಗಳಿಗೆ ಅಂಗಡಿ ಲೆಕ್ಕ ಸಾಲಲಿಲ್ಲ. ಕೇಂದ್ರ ಅಬಕಾರಿ ಸುಂಕದ ನಿಯಮದಂತೆ ತಯಾರಾದ ಮಾಲಿಗೆ ಆರ್‌ಜಿ–1 ಎಂಬ ದಿನವಹಿ. 1986ರ ಮಾರ್ಚ್ 1ರಿಂದ ಮಾಡ್‌ವ್ಯಾಟ್ ಬಂದ ಮೇಲೆ ಕೊಂಡ ಕಚ್ಚಾವಸ್ತುವಿನ ಮೇಲಿನ ಸುಂಕವನ್ನು ವಾಪಸು ಹಿಡಿಯಲು ಆರ್‌ಜಿ–23ಎ ಪುಸ್ತಕದ ಎರಡು ಭಾಗಗಳು. ಒಂದು ನಮೂದು ತಪ್ಪಿದರೆ ಕ್ರೆಡಿಟ್ ಕೈತಪ್ಪುತ್ತಿತ್ತು. ಕಬ್ಬಿಣ ದೊಡ್ಡ ಕಂಪನಿಯದು, ಕೆಲಸ ಸಣ್ಣ ಘಟಕದ್ದು ಎಂಬ ಜಾಬ್ ವರ್ಕ್ ವ್ಯವಸ್ಥೆಯಲ್ಲಿ ಎಷ್ಟು ಕಿಲೋ ಬಂತು, ಎಷ್ಟು ತಿರುಗಿ ಹೋಯಿತು, ಸಿಪ್ಪೆಯಾಗಿ ಎಷ್ಟು ಉಳಿಯಿತು ಎಂಬುದು ಹಣದ ಲೆಕ್ಕದಷ್ಟೇ ಮುಖ್ಯ. ಲೆಕ್ಕ ಕೇಳುವವರ ಸಾಲಿಗೆ ಸರ್ಕಾರದ ಜೊತೆ ದೊಡ್ಡ ಕಾರ್ಖಾನೆಯೂ ಸೇರಿತು. ಬಿ.ಕಾಂ. ಓದಿದವರು ಇಲ್ಲಿ ಮತ್ತೆ ವಿದ್ಯಾರ್ಥಿಗಳಾದರು, ಏಕೆಂದರೆ ಕಾಲೇಜಿನ ಪುಸ್ತಕದಲ್ಲಿ ಆರ್‌ಜಿ–23ಎ ಇರಲಿಲ್ಲ.

ಕಂಪ್ಯೂಟರ್ ಲೆಕ್ಕ ಹೊಸೂರಿಗೆ ಬಂದದ್ದು ಮದ್ರಾಸಿನಿಂದಲ್ಲ, ಬೆಂಗಳೂರಿನಿಂದ. ಬಟ್ಟೆ ಗಿರಣಿಗಳಿಗೆ ಸಾಮಾನು ಪೂರೈಸುತ್ತಿದ್ದ ಶ್ಯಾಮ್ ಸುಂದರ್ ಗೋಯೆಂಕಾ ತಮ್ಮ ವ್ಯವಹಾರಕ್ಕೆ ಒಪ್ಪುವ ಲೆಕ್ಕದ ತಂತ್ರಾಂಶ ಸಿಗದೆ, ಗಣಿತ ಓದಿದ್ದ ಮಗ ಭರತ್ ಗೋಯೆಂಕಾ ಅವರಿಂದ ಬರೆಸಿದರು. 1986ರಲ್ಲಿ ಪ್ಯೂಟ್ರಾನಿಕ್ಸ್ ಎಂಬ ಕಂಪನಿ ಹುಟ್ಟಿತು. ಅದರ ತಂತ್ರಾಂಶ ಟ್ಯಾಲಿ ಎಂಬ ಹೆಸರಿನಿಂದ ದೇಶದ ಅಂಗಡಿ ಅಂಗಡಿಗೆ ಹೋಯಿತು. ಅಂದಿನ ಬೇರೆ ತಂತ್ರಾಂಶಗಳು ಪ್ರತಿ ಖಾತೆಗೂ ಒಂದು ಸಂಖ್ಯೆಯ ಗುರುತು ಕೇಳುತ್ತಿದ್ದವು. ಟ್ಯಾಲಿಯಲ್ಲಿ ಖಾತೆಯ ಹೆಸರನ್ನೇ ಟೈಪಿಸಿದರೆ ಸಾಕಿತ್ತು. ಮಂಡಿಯ ಆಸಾಮಿವಾರು ಖಾತೆಗೆ ಒಗ್ಗಿಹೋದ ಗುಮಾಸ್ತನಿಗೆ ಇದು ಪರಕೀಯ ಅನ್ನಿಸಲಿಲ್ಲ. ಟ್ಯಾಲಿ ಗೆದ್ದದ್ದಕ್ಕೆ ಬೆಲೆ, ಜಾಹೀರಾತು, ನಕಲಿ ಪ್ರತಿಗಳ ಹಾವಳಿ ಎಂದು ಹಲವು ಕಾರಣ ಕೊಡುತ್ತಾರೆ. ಈ ಸಣ್ಣ ಅನುಕೂಲವೇ ಎಲ್ಲಕ್ಕಿಂತ ದೊಡ್ಡದೆಂದು ತೋರುತ್ತದೆ.

1990ರ ದಶಕದ ಕೊನೆಗೆ ಟೈಪ್‌ರೈಟರ್ ಪಕ್ಕದ ಮೇಜಿನ ಮೇಲೆ ಕಂಪ್ಯೂಟರ್ ಕೂತಿತು. ಎಫ್5 ಒತ್ತಿದರೆ ಪಾವತಿ, ಎಫ್6 ಜಮೆ, ಎಫ್7 ಜರ್ನಲ್, ಎಫ್8 ಮಾರಾಟ, ಎಫ್9 ಖರೀದಿ: ಇದು ಹೊಸ ಮಗ್ಗಿಯಾಯಿತು. ಆವೃತ್ತಿಗಳು ಬದಲಾದರೂ ಈ ಕೀಲಿಗಳು ಬದಲಾಗಲಿಲ್ಲವಾದ್ದರಿಂದ ಇಪ್ಪತ್ತೈದು ವರ್ಷದ ಹಿಂದೆ ಕಲಿತವರ ಬೆರಳು ಇಂದಿಗೂ ದಾರಿ ತಪ್ಪುವುದಿಲ್ಲ. 2006ರ ಟ್ಯಾಲಿ 9 ಕನ್ನಡ, ತಮಿಳು, ತೆಲುಗು ಸೇರಿ ಹಲವು ಭಾರತೀಯ ಭಾಷೆಗಳಲ್ಲಿ ಸಿಕ್ಕಿತು. ಮೂರು ಭಾಷೆಯ ಹೊಸೂರಿಗೆ ಇದು ವರವಾಗಬೇಕಿತ್ತು. ಆದರೆ ತೆರಿಗೆ ನಮೂನೆ, ಬ್ಯಾಂಕಿನ ಕಾಗದ, ಬೆಂಗಳೂರಿನ ಕೆಲಸ ಮೂರೂ ಇಂಗ್ಲಿಷ್ ಕೇಳುತ್ತಿದ್ದುದರಿಂದ ಪರದೆ ಇಂಗ್ಲಿಷಿನಲ್ಲೇ ಉಳಿಯಿತು. ವಿವರಣೆ ಮಾತ್ರ ಊರ ಮಾತಿನಲ್ಲಿ ನಡೆಯಿತು.

ಟ್ಯಾಲಿ ಕ್ಲಾಸಿಗೆ ನಿಜವಾದ ಜೀವ ತುಂಬಿದ್ದು ಮತ್ತೆ ತೆರಿಗೆಯೇ. ಕರ್ನಾಟಕದಲ್ಲಿ ಮೌಲ್ಯವರ್ಧಿತ ತೆರಿಗೆ 2005ರ ಏಪ್ರಿಲ್ 1ರಿಂದ ಬಂತು. ತಮಿಳುನಾಡು ಹಿಂದೆ ಸರಿದು ನಿಂತು 2007ರ ಜನವರಿ 1ರಂದು ಒಪ್ಪಿಕೊಂಡಿತು. ನಡುವಿನ 21 ತಿಂಗಳು ಅತ್ತಿಬೆಲೆಯ ಆಚೆ ಒಂದು ಪದ್ಧತಿ, ಜೂಜುವಾಡಿಯ ಈಚೆ ಇನ್ನೊಂದು. ಎರಡೂ ಕಡೆ ಅಂಗಡಿ ಅಥವಾ ಘಟಕ ಇದ್ದವರಿಗೆ ಎರಡೂ ಗೊತ್ತಿರುವ ಲೆಕ್ಕದವರು ಬೇಕಾದರು. ಬೊಮ್ಮಸಂದ್ರ, ಜಿಗಣಿ, ಎಲೆಕ್ಟ್ರಾನಿಕ್ ಸಿಟಿಯ ಕಡೆಗೆ ದಿನವೂ ಬಸ್ಸು ಹಿಡಿಯುವ ಹೊಸೂರಿನ ಹುಡುಗ ಹುಡುಗಿಯರಿಗೆ ಕರ್ನಾಟಕದ ನಿಯಮವೂ ತಿಳಿದಿರಬೇಕಿತ್ತು. ಗಡಿಯ ಕಷ್ಟ ಇಲ್ಲಿನವರಿಗೆ ಉದ್ಯೋಗದ ಅರ್ಹತೆಯೂ ಆಯಿತು.

2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ಬಹುಪಾಲು ಸರಕಿಗೆ ‘ಸಿ’ ಫಾರಂ, ಅಬಕಾರಿ ಸುಂಕದ ಲೆಕ್ಕ, ಮಾರಾಟ ತೆರಿಗೆಯ ಚೆಕ್‌ಪೋಸ್ಟು ಎಲ್ಲ ಒಟ್ಟಿಗೆ ಹೋದವು. ಗಡಿ ಹೋಗಲಿಲ್ಲ, ಅದು ಇನ್‌ವಾಯ್ಸ್‌ನ ಒಳಗೆ ಸೇರಿಕೊಂಡಿತು. ಜಿಎಸ್‌ಟಿ ಸಂಖ್ಯೆಯ ಮೊದಲ ಎರಡು ಅಂಕಿ ರಾಜ್ಯದ ಗುರುತು: ತಮಿಳುನಾಡಿಗೆ 33, ಕರ್ನಾಟಕಕ್ಕೆ 29. ಹೊಸೂರಿನ ಘಟಕ ಕೃಷ್ಣಗಿರಿಗೆ ಮಾರಿದರೆ ಕೇಂದ್ರ ಮತ್ತು ರಾಜ್ಯ ತೆರಿಗೆ ಎರಡನ್ನೂ ಅರ್ಧರ್ಧ ಹಾಕಬೇಕು. ಅದಕ್ಕಿಂತ ಹತ್ತಿರದ ಅತ್ತಿಬೆಲೆಗೆ ಮಾರಿದರೆ ರಾಜ್ಯಗಳ ನಡುವಿನ ಮಾರಾಟಕ್ಕಿರುವ ಐಜಿಎಸ್‌ಟಿ. ಇಲ್ಲಿನ ತರಗತಿಗಳಲ್ಲಿ ಕೊಡಲು ಹೇಳಿಮಾಡಿಸಿದ ಉದಾಹರಣೆ ಹೋಟೆಲಿನದು. ಹೊಸೂರಿನ ಕಂಪನಿಯ ನೌಕರ ಬೆಂಗಳೂರಿನಲ್ಲಿ ತಂಗಿದರೆ, ಕೋಣೆ ಇರುವ ಜಾಗವೇ ಪೂರೈಕೆಯ ಜಾಗವಾದ್ದರಿಂದ ಬಿಲ್ಲಿನಲ್ಲಿ ಬೀಳುವುದು ಕರ್ನಾಟಕದ ತೆರಿಗೆ. 33ರಿಂದ ಶುರುವಾಗುವ ಸಂಖ್ಯೆಯವರಿಗೆ ಅದರ ಕ್ರೆಡಿಟ್ ಸಿಗುವುದಿಲ್ಲ. ಸೇಲಂ ಅಥವಾ ಹಾಸನದ ಕಲಿಕಾರ್ಥಿಗೆ ಇದು ಪುಸ್ತಕದ ಮೂಲೆಯ ಪ್ರಶ್ನೆ. ಹೊಸೂರಿನವರಿಗೆ ಪ್ರತಿ ವಾರದ ತಲೆನೋವು.

ಜಾಬ್ ವರ್ಕ್‌ಗೂ ಹೊಸ ನಿಯಮ ಬಂತು. ಕಳಿಸಿದ ಕಚ್ಚಾವಸ್ತು ಒಂದು ವರ್ಷದೊಳಗೆ, ಯಂತ್ರೋಪಕರಣ ಮೂರು ವರ್ಷದೊಳಗೆ ತಿರುಗಿ ಬರಬೇಕು. ಅದಕ್ಕೆ ಚಲನ್ನು ಮತ್ತು ಐಟಿಸಿ–04 ಎಂಬ ನಮೂನೆ. ಇ–ವೇ ಬಿಲ್ ರಾಜ್ಯಗಳ ನಡುವಿನ ಸಾಗಣೆಗೆ 2018ರ ಏಪ್ರಿಲ್ 1ರಿಂದ ಕಡ್ಡಾಯವಾಯಿತು. ರಾಜ್ಯದೊಳಗಿನ ಸಾಗಣೆಗೆ ಕರ್ನಾಟಕ ಅದೇ ದಿನ, ತಮಿಳುನಾಡು ಜೂನ್ 2ರಿಂದ ಅನ್ವಯಿಸಿತು. ಮತ್ತೆ ಎರಡು ತಿಂಗಳು ಎರಡು ಕಾನೂನು. ಕೃಷ್ಣಗಿರಿಯ ಮಾವಿನ ತಿರುಳಿನ ಕಾರ್ಖಾನೆಗಳಿಗೆ ಬೇರೆ ಗೊಂದಲ: ತಾಜಾ ಮಾವಿಗೆ ತೆರಿಗೆ ಇಲ್ಲ, ಒಣಗಿಸಿದ ಹೋಳಿಗೆ ಶೇ 5, ತಿರುಳಿಗೆ ಎಷ್ಟು? ಆಗಿನ ದರ ಶೇ 12 ಎಂದು ಸ್ಪಷ್ಟೀಕರಣ ಬಂದದ್ದು 2022ರಲ್ಲಿ, ಐದು ಮಾವಿನ ಸುಗ್ಗಿ ಕಳೆದ ಮೇಲೆ.

ಕ್ಲೌಡ್ ಎಂಬ ಮಾತು ಈ ಹಂತದಲ್ಲಿ ತರಗತಿಗೆ ಬಂತು. ಲೆಕ್ಕ ಅಂಗಡಿಯ ಕಂಪ್ಯೂಟರಿನಲ್ಲಿರದೆ ದೂರದ ಸರ್ವರಿನಲ್ಲಿದ್ದು, ಬ್ರೌಸರ್ ಅಥವಾ ಫೋನಿನಿಂದ ನೋಡುವ ಏರ್ಪಾಡು ಹೊರದೇಶಗಳಲ್ಲಿ 1990ರ ದಶಕದ ಕೊನೆಯಲ್ಲೇ ಇತ್ತು. ತಮಿಳುನಾಡಿನಲ್ಲಿ ಅದನ್ನು ಬೆಳೆಸಿದ್ದು 1996ರಲ್ಲಿ ಅಡ್ವೆಂಟ್‌ನೆಟ್ ಎಂಬ ಹೆಸರಿನಿಂದ ಶುರುವಾದ ಜೋಹೊ. ಅದರ ಜೋಹೊ ಬುಕ್ಸ್ ಬಂದದ್ದು 2011ರಲ್ಲಿ. ಅಮೆರಿಕದ ಇನ್‌ಟ್ಯೂಟ್ ಕಂಪನಿಯ ಕ್ವಿಕ್‌ಬುಕ್ಸ್ ಕೂಡ ಭಾರತದಲ್ಲಿ ಕೆಲವು ವರ್ಷ ಇತ್ತು. 2023ರಲ್ಲಿ ಅದು ಇಲ್ಲಿನ ಅಂಗಡಿ ಮುಚ್ಚಿತು. ಬಳಕೆದಾರರು ತಮ್ಮ ಖಾತೆ, ಬಾಕಿ, ಬಿಲ್ಲುಗಳನ್ನು ಇಳಿಸಿಕೊಂಡು ಬೇರೆ ತಂತ್ರಾಂಶಕ್ಕೆ ಸಾಗಿಸಬೇಕಾಯಿತು. ಲೆಕ್ಕವನ್ನು ಒಂದು ಕಡೆಯಿಂದ ಹೊರತೆಗೆದು ಇನ್ನೊಂದು ಕಡೆ ಸರಿಯಾಗಿ ಕೂರಿಸುವ ಕೆಲಸ ಪಾಠದ ಭಾಗವಾಗಬೇಕೆಂಬುದು ಕ್ಲೌಡ್ ಮಾರುವವರ ಜಾಹೀರಾತಿನಲ್ಲಿ ಕಾಣುವುದಿಲ್ಲ. ಕಲಿಸುವವರು ಅದನ್ನು ಮೊದಲ ವಾರದಲ್ಲೇ ಹೇಳಿಕೊಡುವುದು ಒಳ್ಳೆಯದು.

ಆ್ಯಪ್ ಜೋಡಣೆಯ ಪಾಠಕ್ಕೆ ದಾರಿ ಮಾಡಿದ್ದು ಇ–ಇನ್‌ವಾಯ್ಸ್. 2020ರ ಅಕ್ಟೋಬರ್ 1ರಂದು ವಾರ್ಷಿಕ 500 ಕೋಟಿ ರೂಪಾಯಿ ಮೀರಿದ ವಹಿವಾಟಿನವರಿಗೆ ಶುರುವಾಗಿ, 100 ಕೋಟಿ, 50, 20, 10 ಎಂದು ಇಳಿಯುತ್ತ 2023ರ ಆಗಸ್ಟ್ 1ಕ್ಕೆ 5 ಕೋಟಿಗೆ ಬಂತು. ಮೊದಲ ಹಂತದಲ್ಲಿ ಸಿಕ್ಕಿಕೊಂಡವು ಹೊಸೂರಿನ ದೊಡ್ಡ ಕಾರ್ಖಾನೆಗಳು, ಕೊನೆಯ ಹಂತದಲ್ಲಿ ಅವುಗಳಿಗೆ ಬೋಲ್ಟು, ಬುಷ್ಷು ಮಾಡಿಕೊಡುವ ಘಟಕಗಳು. ಇನ್‌ವಾಯ್ಸ್‌ನ ವಿವರ ಜೇಸನ್ ಎಂಬ ರೂಪದಲ್ಲಿ ಸರ್ಕಾರಿ ನೋಂದಣಿ ತಾಣಕ್ಕೆ ಹೋಗುತ್ತದೆ. ಅಲ್ಲಿಂದ 64 ಅಕ್ಷರಗಳ ಗುರುತು ಸಂಖ್ಯೆ ಮತ್ತು ಕ್ಯೂಆರ್ ಕೋಡ್ ತಿರುಗಿ ಬರುತ್ತವೆ. ಅವಿಲ್ಲದೆ ಬಿಲ್ಲಿಗೆ ಬೆಲೆಯಿಲ್ಲ. ದಿನಕ್ಕೆ ಎರಡು ಬಿಲ್ಲಿದ್ದರೆ ಕೈಯಿಂದ ತುಂಬಬಹುದು, ಇನ್ನೂರಿದ್ದರೆ ಒಂದು ತಂತ್ರಾಂಶ ಇನ್ನೊಂದರೊಡನೆ ತಾನೇ ಮಾತಾಡಬೇಕು. ಈ ಮಾತುಕತೆಗೆ ದಾರಿಯಾದ ಎಪಿಐ ಎಂಬುದರ ಅರ್ಥವನ್ನು ಕಂಪ್ಯೂಟರ್ ವಿಜ್ಞಾನ ಓದದ ಬಿ.ಕಾಂ. ಪದವೀಧರರಿಗೆ ತಿಳಿಸಲು ಇದಕ್ಕಿಂತ ಹತ್ತಿರದ ಉದಾಹರಣೆ ಇಲ್ಲ. ಇದು ತಿಳಿದ ಮೇಲೆ ಬ್ಯಾಂಕಿನ ಸ್ಟೇಟ್‌ಮೆಂಟನ್ನು ಲೆಕ್ಕಕ್ಕೆ ಜೋಡಿಸುವುದು, ಯುಪಿಐ ಜಮೆಯನ್ನು ಬಿಲ್ಲಿಗೆ ಹೊಂದಿಸುವುದು, ಅಂತರ್ಜಾಲ ಮಾರಾಟದ ಆದೇಶವನ್ನು ಇನ್‌ವಾಯ್ಸ್ ಮಾಡುವುದು, ಜೋಹೊ ಫ್ಲೋ, ಜೇಪಿಯರ್‌ನಂಥ ಸಾಧನಗಳಲ್ಲಿ ‘ಇದಾದರೆ ಅದು’ ಎಂಬ ಸರಪಳಿ ಕಟ್ಟುವುದು ಅದೇ ದಾರಿಯ ಮುಂದಿನ ಮೆಟ್ಟಿಲು.

ದತ್ತಾಂಶ ಸಾಧನಗಳ ಕಥೆಯೂ ಬೇರೆಯಲ್ಲ. ಎಕ್ಸೆಲ್ ಹುಟ್ಟಿದ್ದು 1985ರಲ್ಲಿ, ಅದರ ಪವರ್ ಕ್ವೆರಿ 2013ರಲ್ಲಿ, ಪವರ್ ಬಿಐ ಎಲ್ಲರ ಬಳಕೆಗೆ ಬಂದದ್ದು 2015ರಲ್ಲಿ. ಸಣ್ಣ ಘಟಕದ ಲೆಕ್ಕದವರು ಇವುಗಳ ಕಡೆ ಮುಖ ಮಾಡಲು ಕಾರಣವಾದದ್ದು ಹೂಡುವಳಿ ತೆರಿಗೆಯ, ಅಂದರೆ ಖರೀದಿಯ ಮೇಲೆ ಕೊಟ್ಟ ತೆರಿಗೆಯನ್ನು ವಾಪಸು ಹಿಡಿಯುವ, ನಿಯಮ. ಪೂರೈಕೆದಾರ ತೋರಿಸದ ಬಿಲ್ಲಿನ ಮೇಲೆ ಪಡೆಯಬಹುದಾದ ಕ್ರೆಡಿಟ್‌ಗೆ 2019ರ ಅಕ್ಟೋಬರಿನಲ್ಲಿ ಶೇ 20ರ ಮಿತಿ ಬಿತ್ತು. ಅದು ಶೇ 10ಕ್ಕೆ, 5ಕ್ಕೆ ಇಳಿದು 2022ರ ಜನವರಿ 1ರಿಂದ ಸೊನ್ನೆಯಾಯಿತು. ಜಿಎಸ್‌ಟಿಆರ್–2ಬಿ ಎಂಬ ತಿಂಗಳ ಪಟ್ಟಿಯಲ್ಲಿ ಇಲ್ಲದ್ದು ಸಿಗುವುದಿಲ್ಲ. ಹಾಗಾಗಿ ಪ್ರತಿ ತಿಂಗಳ 14ರಿಂದ 20ರ ನಡುವೆ ಖರೀದಿ ಪುಸ್ತಕ ಒಂದು ಕಡೆ, 2ಬಿ ಇನ್ನೊಂದು ಕಡೆ ಇಟ್ಟು ತಾಳೆ ನೋಡಬೇಕು. ಒಬ್ಬ ಪೂರೈಕೆದಾರ ಬಿಲ್ ಸಂಖ್ಯೆಯನ್ನು ‘0045’ ಎಂದೂ ಇನ್ನೊಬ್ಬ ‘45/23-24’ ಎಂದೂ ಬರೆಯುತ್ತಾನೆ. ಇವನ್ನು ಶುಚಿ ಮಾಡಿ ಹೊಂದಿಸುವುದೇ ತರಗತಿಯ ಮುಖ್ಯ ಅಭ್ಯಾಸ. ಬಣ್ಣಬಣ್ಣದ ನಕ್ಷೆ, ಡ್ಯಾಶ್‌ಬೋರ್ಡು ಮಾಡುವುದನ್ನು ಕಲಿಸುವುದು ಸುಲಭ, ನೋಡಲೂ ಚೆಂದ. ಸಂಬಳ ತರುವುದು ಈ ತಾಳೆಯ ಕೆಲಸ. ಸಣ್ಣ ಉದ್ಯಮಕ್ಕೆ ಒಪ್ಪಂದ ಇದ್ದರೂ 45 ದಿನ ಮೀರದಂತೆ ಹಣ ಕೊಡದಿದ್ದರೆ, ಕೊಟ್ಟ ವರ್ಷಕ್ಕೆ ಮೊದಲು ಅದನ್ನು ಖರ್ಚೆಂದು ತೋರಿಸುವಂತಿಲ್ಲ ಎಂಬ ಆದಾಯ ತೆರಿಗೆಯ ನಿಯಮ 2023–24ರ ಲೆಕ್ಕದಿಂದ ಅನ್ವಯವಾದ ಮೇಲೆ ಬಾಕಿಯ ವಯಸ್ಸನ್ನು ದಿನದ ಲೆಕ್ಕದಲ್ಲಿ ತೋರಿಸುವ ಪಟ್ಟಿಯೂ ಸೇರಿತು. ಹೊಸೂರಿನಂಥ ಊರಲ್ಲಿ ಈ ಪಟ್ಟಿ ಕೊಡಬೇಕಾದವರಿಗೂ ಬೇಕು, ಬರಬೇಕಾದವರಿಗೂ ಬೇಕು.

2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ತಂತ್ರಾಂಶ ಪ್ರತಿ ತಿದ್ದುಪಡಿಯ ಜಾಡನ್ನೂ ತಾರೀಖಿನ ಸಮೇತ ಉಳಿಸಬೇಕು, ಆ ಸೌಲಭ್ಯವನ್ನು ನಿಲ್ಲಿಸುವಂತಿರಬಾರದು ಎಂಬ ನಿಯಮ ಜಾರಿಯಾಯಿತು. ಕಡತದ ಕಾಲದಿಂದ ಲೆಕ್ಕದವರಿಗಿದ್ದ ಒರೆಸುವ ಸ್ವಾತಂತ್ರ್ಯ ಕಂಪನಿಗಳ ಮಟ್ಟಿಗೆ ಕಾನೂನಿನ ಪ್ರಕಾರ ಮುಗಿದದ್ದು ಅಂದು. ಕಲಿಯುವವರಿಗೆ ಇದರ ಅರ್ಥ ನೇರವಾದದ್ದು: ತಪ್ಪು ನಮೂದನ್ನು ಅಳಿಸುವುದಲ್ಲ, ಎದುರು ನಮೂದಿನಿಂದ ಸರಿಪಡಿಸುವುದನ್ನು ಅಭ್ಯಾಸ ಮಾಡಬೇಕು. ಟೈಪ್‌ರೈಟಿಂಗ್ ಶಾಲೆಯ ಅಕೌಂಟೆನ್ಸಿ ಪುಸ್ತಕ ಹೇಳುತ್ತಿದ್ದದ್ದೂ ಇದನ್ನೇ.

ಕಲಿಸುವವರು ಬಹುಪಾಲು ಕಸುಬಿನವರೇ. ಹಗಲು ಹಲವು ಅಂಗಡಿ, ಘಟಕಗಳ ಲೆಕ್ಕ ಬರೆದು ಸಂಜೆ ಬ್ಯಾಚು ತೆಗೆದುಕೊಳ್ಳುವ ಪಾರ್ಟ್‌ಟೈಮ್ ಅಕೌಂಟೆಂಟರು ಇಂಥ ಕ್ಲಾಸುಗಳ ಬೆನ್ನೆಲುಬು. 2022ರ ಮಾರ್ಚ್ 1ರಂದು ತಮಿಳುನಾಡು ಸರ್ಕಾರ ಶುರು ಮಾಡಿದ ‘ನಾನ್ ಮುದಲ್ವನ್’ ಯೋಜನೆ ಕಾಲೇಜು ವಿದ್ಯಾರ್ಥಿಗಳಿಗೆ ಕೌಶಲದ ಪಾಠಗಳನ್ನು ತಂದಿದೆ. 2020ರ ಲಾಕ್‌ಡೌನ್ ನಂತರ ಪರದೆಯ ಮೂಲಕ ಕಲಿಯುವುದೂ ರೂಢಿಯಾಗಿದೆ. ಆದರೂ ತಳಿ, ಅಂಚೆಟ್ಟಿ, ಡೆಂಕಣಿಕೋಟೆ ಕಡೆಯ ಕನ್ನಡ ಮನೆಗಳ ಮಕ್ಕಳಿಗೆ ಊರಿನ ಕ್ಲಾಸು ಬೇಕಾಗುತ್ತದೆ. 2006ರ ತಮಿಳು ಕಲಿಕಾ ಕಾಯ್ದೆಯ ನಂತರ ಶಾಲೆಯಲ್ಲಿ ತಮಿಳು ಓದಿ, ಮನೆಯಲ್ಲಿ ಕನ್ನಡ ಆಡಿ, ಪರದೆಯ ಮೇಲೆ ಇಂಗ್ಲಿಷ್ ನೋಡುವ ಇವರಿಗೆ ಡೆಬಿಟ್–ಕ್ರೆಡಿಟ್ ಗೊಂದಲವನ್ನು ಕೊಡೋದು–ಬರೋದು ಎಂದು ಬಿಡಿಸಿ ಹೇಳಬಲ್ಲ ಮೇಷ್ಟ್ರು ಎದುರಿಗಿದ್ದರೆ ಅರ್ಧ ಕೆಲಸ ಆದಂತೆ.

ಇತ್ತೀಚಿನ ದೊಡ್ಡ ಬದಲಾವಣೆ 2025ರ ಸೆಪ್ಟೆಂಬರ್ 22ರದು. ಜಿಎಸ್‌ಟಿಯ ಹಂತಗಳು ಕಡಿಮೆಯಾಗಿ ಶೇ 5 ಮತ್ತು 18 ಮುಖ್ಯ ದರಗಳಾದವು. 350 ಸಿಸಿವರೆಗಿನ ದ್ವಿಚಕ್ರ ವಾಹನ ಮತ್ತು ವಾಹನಗಳ ಬಿಡಿಭಾಗ ಶೇ 28ರಿಂದ 18ಕ್ಕೆ ಇಳಿದವು. ಹೊಸೂರಿನ ಅರ್ಧ ಊರಿಗೆ ಸಂಬಂಧಿಸಿದ ಮಾತು ಇದು. ದರ ಬದಲಾದದ್ದು ತಿಂಗಳ ನಡುವೆ. 21ರವರೆಗಿನ ಬಿಲ್ಲಿಗೆ ಹಳೆಯ ದರ, ಆಮೇಲಿನದಕ್ಕೆ ಹೊಸದು, ಹಳೆಯ ದರದಲ್ಲಿ ಹೋದ ಮಾಲು ತಿರುಗಿ ಬಂದರೆ ಹಳೆಯ ದರದಲ್ಲೇ ಕ್ರೆಡಿಟ್ ನೋಟು. ತಂತ್ರಾಂಶದಲ್ಲಿ ಸರಕಿನ ಪಟ್ಟಿ, ಜಾಬ್ ವರ್ಕ್ ಚಲನ್ನಿನ ನಮೂನೆ, ದೊಡ್ಡ ಕಾರ್ಖಾನೆಯ ಪೂರೈಕೆದಾರರ ತಾಣದಲ್ಲಿನ ಖರೀದಿ ಆದೇಶ ಈ ಮೂರರಲ್ಲೂ ದರ ಒಂದೇ ದಿನ ಹೊಂದಿಕೆಯಾಗದಿದ್ದರೆ ಬಿಲ್ಲು ಗೇಟಿನಲ್ಲೇ ವಾಪಸು. ಯಾವ ಸರಕಿಗೆ ಯಾವ ತಾರೀಖಿನಿಂದ ಯಾವ ದರ ಎಂದು ಮಾಸ್ಟರ್ ಪಟ್ಟಿಯಲ್ಲೇ ನಮೂದಿಸಿಡುವ ಕ್ರಮ ಗೊತ್ತಿದ್ದವರಿಗೆ ಅದು ಒಂದು ಸಂಜೆಯ ಕೆಲಸವಾಗಿತ್ತು. ಗೊತ್ತಿಲ್ಲದವರು ಅಕ್ಟೋಬರಿನ ಗಡುವಿನವರೆಗೂ ಬಿಲ್ಲುಗಳನ್ನು ಒಂದೊಂದಾಗಿ ತಿದ್ದಬೇಕಾಯಿತು.